ಕಂಬಳಿ ಬಂಡೆಯ ಸೂಜಿಹುಲ್ಲು

ಹಳೇಬೀಡು
೧೮ ಅಕ್ಟೋಬರ್ ೧೯೩೬

ತಮ್ಮ ರೇವಣಸಿದ್ದಪ್ಪನಿಗೆ,

ಸಂಜೆ ಐದು ಗಂಟೆ. ಹಗಲೆಲ್ಲ ಮೋಡ ಕವಿದಿತ್ತು, ಮಳೆ ಬರಲಿಲ್ಲ. ಬೆಳಿಗ್ಗೆ ರಾಗಿ ಹೊಲ ನೋಡಿ ಬಂದೆ. ಮಧ್ಯಾಹ್ನ ಅತ್ತೆಯವರ ತಲೆಗೆ ಹರಳೆಣ್ಣೆ ಹಚ್ಚಿದೆ. ಆಮೇಲೆ ಹಿತ್ತಿಲ ಕೋಣೆಯ ಹಳೆಯ ಬೀಸುಕಲ್ಲನ್ನು ಸರಿಸಿ ಕೆಳಗೆ ಗುಡಿಸಿದೆ. ನಿನ್ನ ಭಾವ ಹೋದ ಮೇಲೆ ಆಯಾ ದಿನದ್ದನ್ನು ಸಂಜೆ ಹೀಗೆ ಬರೆದಿಡುವುದು ಅಭ್ಯಾಸವಾಗಿದೆ. ಕಾಗದವನ್ನು ಹೇಗೆ ಶುರುಮಾಡಬೇಕೆಂದು ತಿಳಿಯದೆ ನಿನಗೂ ಅದನ್ನೇ ಬರೆದೆ.

ಬೀಸುಕಲ್ಲಿನ ಕೆಳಗೆ ಅವರು ಹುಲ್ಲು ಒತ್ತಿಡುತ್ತಿದ್ದ ಹಳೆಯ ಪತ್ರಿಕೆಗಳು ಇದ್ದವು. ಒಳಗೆ ಹುಲ್ಲು ಇರಲಿಲ್ಲ. ಅದರ ಗುರುತು ಮಾತ್ರ ಕಾಗದದ ಮೇಲೆ ಕಂದಾಗಿ ಉಳಿದಿದೆ, ದಂಟು, ತೆನೆ, ಕಾಳಿನ ತುದಿಯಲ್ಲಿ ಮುಳ್ಳಿನ ಹಾಗೆ ಮೂರು ಮೂರು ಕವಲಾದ ಊಬು ಎಲ್ಲವೂ. ಕಳೆದ ವರ್ಷ ಪುಷ್ಪಗಿರಿ ಬೆಟ್ಟದಿಂದ ತಂದು ನಿನಗೆ ಕಳುಹಿಸಿದ ಸೂಜಿಹುಲ್ಲು ಅದೇ ಇರಬೇಕು. ಇದು ಎತ್ತರದ ಬೆಟ್ಟಗಳ ಜಾತಿ, ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ, ನಿಮ್ಮ ಕಾಲೇಜಿನವರು ಅಚ್ಚು ಹಾಕಿಸುವ ಹುಲ್ಲುಗಳ ಪುಸ್ತಕದಲ್ಲಿ ಭಾವನ ಹೆಸರಿನೊಂದಿಗೆ ಬರುತ್ತದೆ ಎಂದು ನೀನು ಬರೆದಿದ್ದೆ. ಆ ಕಾಗದವನ್ನು ಅವರು ಪಾಠ ಹೇಳುತ್ತಿದ್ದ ಶಾಲೆಗೂ ತೆಗೆದುಕೊಂಡು ಹೋಗಿ ಓದಿದ್ದರು. ಮನೆಯಲ್ಲಿ ಎರಡು ಸಲ ಓದಿದರು.

ಪುಸ್ತಕ ಅಚ್ಚಾಯಿತೇ? ಅವರ ಹುಲ್ಲು ಅಂಟಿಸಿದ ಹಾಳೆ ನಿಮ್ಮ ಬೀರುವಿನಲ್ಲಿ ಸರಿಯಾಗಿದೆಯೇ? ಇಷ್ಟು ತಿಳಿಸು. ಲಲಿತಮ್ಮನಿಗೆ ನನ್ನ ಆಶೀರ್ವಾದ.

ನಿನ್ನ ಅಕ್ಕ
ಸುವರ್ಣಮ್ಮ


ಬೆಂಗಳೂರು
೨೬ ಅಕ್ಟೋಬರ್ ೧೯೩೬

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂದು ಸಂತೋಷವಾಯಿತು. ನೀನಾಗಿ ಬರೆದಿದ್ದು ಭಾವ ಹೋದ ಮೇಲೆ ಇದೇ ಮೊದಲು.

ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ. ಶಿವರಾತ್ರಿಗೆ ಮುಂಚೆ ಕೊಡಬೇಕೆಂದು ಪ್ರೊಫೆಸರ ಆಲೋಚನೆ. ಭಾವನ ಹಾಳೆ ಕಾಲೇಜಿನಲ್ಲೇ ಇದೆ. ಆದರೆ ಅದರ ವಿಷಯದಲ್ಲಿ ಪ್ರೊಫೆಸರಿಗೆ ಒಂದು ಸಣ್ಣ ಅನುಮಾನ. ಹುಲ್ಲು ಬೆಟ್ಟದ ಜಾತಿಯದೇ, ಅದರಲ್ಲಿ ಎರಡು ಮಾತಿಲ್ಲ. ಊರು ಮಾತ್ರ ಸರಿಯೇ ಎಂದು ಕೇಳುತ್ತಾರೆ. ಅದು ಬಂದ ವಾರವೇ ಪಡುವಣ ಬೆಟ್ಟಗಳಿಂದಲೂ ಒಂದು ಕಂತೆ ಬಂದಿತ್ತು. ಅಂಟಿಸುವಾಗ ಒಂದರ ಚೀಟಿ ಇನ್ನೊಂದಕ್ಕೆ ಹೋಗಿರಬಹುದು ಎಂಬುದು ಅವರ ಊಹೆ. ಅಂಟಿಸಿದವನು ನಾನೇ. ಹಾಗೆ ಆಗಿಲ್ಲವೆಂದು ನನ್ನ ನಂಬಿಕೆ, ಆದರೆ ಪ್ರಮಾಣ ಮಾಡಲಾರೆ.

ನೀನು ಇದನ್ನು ತಲೆಗೆ ಹಚ್ಚಿಕೊಳ್ಳಬೇಡ. ಜಾವಗಲ್ಲಿನಲ್ಲಿ ಅವ್ವ ನಿನ್ನ ದಾರಿ ನೋಡುತ್ತಿದ್ದಾಳೆ. ಸುಗ್ಗಿ ಮುಗಿದ ಮೇಲಾದರೂ ಹೋಗಿ ಅಲ್ಲೇ ಇರು.

ರೇವಣಸಿದ್ದ


ಹಳೇಬೀಡು
೯ ನವೆಂಬರ್ ೧೯೩೬

ರೇವಣಸಿದ್ದ,

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಅವರೆಕಾಯಿ ಬಿಡಿಸಿದೆವು. ಈ ವರ್ಷದ ಮೊದಲ ಅವರೆ. ಸೊಗಡು ಚೆನ್ನಾಗಿದೆ.

ಪ್ರೊಫೆಸರಿಗೆ ಅನುಮಾನವಿದ್ದರೆ ಪುಷ್ಪಗಿರಿಯ ಹುಲ್ಲನ್ನು ಮತ್ತೆ ನೋಡಲಿ. ಇದೇ ಅದು ತೆನೆಯಾಗುವ ಕಾಲ. ಮಾದಮ್ಮ ಪೊರಕೆ ಕಟ್ಟಲು ಹಂಚಿಕಡ್ಡಿ ತರುವುದಕ್ಕೆ ಬೆಟ್ಟ ಹತ್ತುತ್ತಾಳೆ. ಅವಳಿಗೆ ಹೇಳಿ, ಮೇಲಿನ ಕಡೆ ಬೆಳೆಯುವ ಸೂಜಿಹುಲ್ಲನ್ನು ಒಂದು ಕಟ್ಟು ತರಿಸಿದ್ದೇನೆ. ಇದರ ಜೊತೆ ಪಾರ್ಸೆಲು ಬರುತ್ತದೆ.

ಅತ್ತೆ ನೋಡುತ್ತ ಕುಳಿತಿದ್ದರು. "ಹಸೀ ಹುಲ್ಲಾದ್ರೆ ಹಸ ತಿಂತದೆ, ಒಣಹುಲ್ಲಾದ್ರೆ ಎತ್ತು ತಿಂತದೆ. ಬೆಂಗ್ಳೂರಿಗೆ ಕಳ್ಸಿದ್ರೆ ಯಾರ್ ತಿಂತಾರೆ, ನಿನ್ ತಮ್ಮಾನಾ?" ಎಂದರು. ಹೇಳುತ್ತಲೇ ಕಟ್ಟಿಗೆ ದಾರ ಅವರೇ ಬಿಗಿದರು.

ಜಾವಗಲ್ಲಿಗೆ ಈಗ ಬರಲಾಗುವುದಿಲ್ಲ.

ಸುವರ್ಣಮ್ಮ


ಬೆಂಗಳೂರು
೧೭ ನವೆಂಬರ್ ೧೯೩೬

ಅಕ್ಕ,

ಪೊರಕೆ ತಲುಪಿತು! ಸಿಟ್ಟಾಗಬೇಡ. ಮಾದಮ್ಮ ತನ್ನ ಕೈ ರೂಢಿಯಂತೆ ತೆನೆಯನ್ನೆಲ್ಲ ಕಲ್ಲಿಗೆ ಬಡಿದು ಉದುರಿಸಿ, ಬುಡ ಸಮ ಮಾಡಿ ಕಳುಹಿಸಿದ್ದಾಳೆ. ಒಂದು ಕಾಳೂ ಇಲ್ಲ, ಒಂದು ಊಬೂ ಇಲ್ಲ. ಪ್ರೊಫೆಸರ ಮೇಜಿನ ಮೇಲೆ ಬಿಚ್ಚಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು "ಬಹಳ ಅಚ್ಚುಕಟ್ಟಾಗಿದೆ" ಎಂದು ಹೇಳಿ ಎದ್ದು ಹೋದರು. ಈಗ ಅದರಲ್ಲಿ ಲಲಿತಮ್ಮ ಅಂಗಳ ಗುಡಿಸುತ್ತಾಳೆ. ಇಂಥ ಪೊರಕೆ ಬೆಂಗಳೂರಿನಲ್ಲಿ ಸಿಗುವುದಿಲ್ಲವಂತೆ, ಇನ್ನೊಂದು ಬೇಕಂತೆ.

ಹುಲ್ಲಿನಲ್ಲಿ ದಂಟು ನೋಡಿ ಏನೂ ಹೇಳಲಾಗದು, ಅಕ್ಕ. ತೆನೆಯಲ್ಲೇ ಎಲ್ಲ ಇರುವುದು. ಹಂಚಿಕಡ್ಡಿಯಲ್ಲೂ ಸೂಜಿಹುಲ್ಲಿನಲ್ಲೂ ಕಾಳಿನ ತುದಿಗೆ ಮೂರು ಊಬು. ಹಂಚಿಕಡ್ಡಿಯಲ್ಲಿ ಆ ಮೂರೂ ಕಾಳಿನ ನೆತ್ತಿಯಿಂದಲೇ ನೇರವಾಗಿ ಹೊರಡುತ್ತವೆ. ಬೆಟ್ಟದ ಜಾತಿಯಲ್ಲಿ ಕಾಳಿಗೂ ಕವಲಿಗೂ ನಡುವೆ ಒಂದು ಕೊರಳಿರುತ್ತದೆ, ಹುರಿ ಮಾಡಿದ ನೂಲಿನ ಹಾಗೆ ತಿರುಚಿಕೊಂಡಿರುತ್ತದೆ. ಗುರುತು ಅದೊಂದೇ.

ನಿನಗೆ ತಿಳಿದಿರಲೆಂದು ಬರೆದೆ. ಇಷ್ಟಕ್ಕಾಗಿ ಯಾರನ್ನೂ ಬೆಟ್ಟ ಹತ್ತಿಸಬೇಡ.

ರೇವಣಸಿದ್ದ


ಹಳೇಬೀಡು
೩೦ ನವೆಂಬರ್ ೧೯೩೬

ರೇವಣಸಿದ್ದ,

ಸಂಜೆ ಆರು. ರಾಗಿ ಕೊಯ್ಲು ಮುಗಿಯಿತು. ಮೆದೆ ಒಟ್ಟಿದ್ದಾರೆ. ಕೆರೆ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿದೆ.

ಸೂಜಿಹುಲ್ಲು ಸಿಕ್ಕಿತು. ತೆನೆಯ ಸಮೇತ ಸಿಕ್ಕಿತು. ಬೆಟ್ಟದ ಪಡುವಣ ಹೆಗಲಿನಲ್ಲಿ ಒಂದು ಚಪ್ಪಟೆ ಬಂಡೆ ಇದೆ, ಅದರ ಸುತ್ತ. ಅಲ್ಲಿ ನಿಂತರೆ ಎರಡು ಕೆರೆಗಳೂ, ಬೇಲೂರಿನ ದಾರಿಯೂ ಕಾಣುತ್ತವೆಯಂತೆ. ಸೀರೆ ತುಂಬ ಊಬು ಚುಚ್ಚಿಕೊಳ್ಳುತ್ತದೆಯಂತೆ. ಗೊತ್ತಿದ್ದವರು ಹೋಗಿ ತಂದುಕೊಟ್ಟರು.

ಈ ಸಲ ಒಂದು ಕಾಳೂ ಉದುರಬಾರದೆಂದು ಬಹಳ ಜೋಪಾನ ಮಾಡಿದ್ದೇನೆ. ನಾವು ವೀಳ್ಯದೆಲೆ ಬಾಡದಂತೆ ಇಡುವುದಿಲ್ಲವೇ, ಹಾಗೆ ಹಳೆಯ ಪಂಚೆಯ ತುಂಡನ್ನು ನೆನೆಸಿ, ಹಿಂಡಿ, ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ, ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಪಂಚೆ ನಿನ್ನ ಭಾವನದು. ಕಿತ್ತಾಗ ಹೇಗಿತ್ತೋ ಹಾಗೆಯೇ ನಿನ್ನ ಕೈಗೆ ಸೇರುತ್ತದೆ.

ಸುವರ್ಣಮ್ಮ


ಬೆಂಗಳೂರು
೧೦ ಡಿಸೆಂಬರ್ ೧೯೩೬

ಪ್ರೀತಿಯ ಅಕ್ಕನಿಗೆ,

ಹೇಗೆ ಬರೆಯಬೇಕೋ ತಿಳಿಯದೆ ನಾಲ್ಕು ದಿನ ತಡಮಾಡಿದೆ.

ಡಬ್ಬಿ ಬಂದ ದಿನವೇ ಬಿಚ್ಚಿದೆವು. ಹುಲ್ಲು ಹೊಸದಾಗಿ ಕಿತ್ತಂತಿತ್ತು. ಪ್ರೊಫೆಸರೂ ನಾನೂ ಭೂತಗಾಜು ಹಿಡಿದು ನೋಡಿದೆವು. ಊಬಿನ ಬುಡದಲ್ಲಿ ತಿರುಚು ಇಲ್ಲ, ಅಕ್ಕ. ಎಲ್ಲವೂ ನೆಟ್ಟಗೆ ಇವೆ. ಇದು ಹಂಚಿಕಡ್ಡಿಯದೇ ಒಂದು ಉದ್ದ ಬಗೆ ಇರಬೇಕೆಂದು ಪ್ರೊಫೆಸರು ಹೇಳಿ, ಒತ್ತುಹಲಗೆಯಲ್ಲಿ ಇಡಿಸಿದರು. ಯಾರೋ ತಂದುಕೊಟ್ಟ ಹುಲ್ಲು, ಎಲ್ಲಿ ಕಿತ್ತರೋ, ಯಾವುದನ್ನು ಕಿತ್ತರೋ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕಾಗಿತ್ತು. ಭಾವನ ಹಾಳೆ ಬೀರುವಿನಲ್ಲಿಲ್ಲ. ಗೌರಿಹಬ್ಬದ ಹೊತ್ತಿಗೇ ಅದನ್ನು ತೆಗೆದು, ಊರು ಖಚಿತವಿಲ್ಲದ ಹಾಳೆಗಳ ಕಟ್ಟಿಗೆ ಸೇರಿಸಿದ್ದಾರೆ. ಪುಸ್ತಕ ಅಚ್ಚಿಗೆ ಹೋದ ಮೇಲೆ ಆ ಕಟ್ಟನ್ನು ವಿಲೇವಾರಿ ಮಾಡುತ್ತಾರೆ. ನೀನು ನೊಂದುಕೊಳ್ಳುವೆಯೆಂದು ಬರೆಯಲಿಲ್ಲ.

ಸಾಕು ಮಾಡು ಅಕ್ಕ. ಒಂದು ಹುಲ್ಲಿನ ಹಿಂದೆ ಹೀಗೆ ಬಿದ್ದಿರುವುದು ನಿನಗೆ ಒಳ್ಳೆಯದಲ್ಲವೆಂದು ನನಗೂ ಲಲಿತಮ್ಮನಿಗೂ ಅನ್ನಿಸುತ್ತದೆ. ಸಂಕ್ರಾಂತಿಗೆ ಜಾವಗಲ್ಲಿಗೆ ಹೋಗು. ಅಲ್ಲಿ ನಾಲ್ಕು ಜನ ಇದ್ದಾರೆ, ಹೊತ್ತು ಹೋಗುತ್ತದೆ.

ರೇವಣಸಿದ್ದ


ಹಳೇಬೀಡು
೪ ಜನವರಿ ೧೯೩೭

ರೇವಣಸಿದ್ದನಿಗೆ,

ಬೆಳಿಗ್ಗೆ ಹತ್ತು ಗಂಟೆ. ಕಣದಲ್ಲಿ ಕೆಲಸ ನಡೆಯುತ್ತಿದೆ. ಅತ್ತೆ ಆರೋಗ್ಯವಾಗಿದ್ದಾರೆ. ನಿನ್ನ ಕಾಗದ ಆಗಲೇ ಬಂದಿತ್ತು.

ಆ ಹುಲ್ಲನ್ನು ತಂದುಕೊಟ್ಟವರು ಯಾರೂ ಇಲ್ಲ. ಬೆಟ್ಟ ಹತ್ತಿ ಕಿತ್ತದ್ದು ನಾನೇ. ಗಂಡ ಹೋಗಿ ವರ್ಷ ತುಂಬುವ ಮುಂಚೆ ಬೆಟ್ಟ ಸುತ್ತುತ್ತಾಳೆಂದು ಅವ್ವನ ಕಿವಿಗೆ ಬೀಳಬಾರದೆಂದು ಹಾಗೆ ಬರೆದಿದ್ದೆ. ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ಅದೇ ಬಂಡೆಗೆ ಕರೆದುಕೊಂಡು ಹೋಗಿ ಈ ಹುಲ್ಲನ್ನು ತೋರಿಸಿದ್ದರು. ನಾನು ಕಿತ್ತದ್ದು ಅವರು ಕಿತ್ತ ಜಾಗದಲ್ಲೇ.

ನೀನು ಸುಳ್ಳು ಹೇಳುವವನಲ್ಲ, ನಿನ್ನ ಪ್ರೊಫೆಸರೂ ಅಲ್ಲ. ಗಾಜಿನಲ್ಲಿ ಕಂಡದ್ದು ಕಂಡಿದೆ. ಇನ್ನು ಆ ಮಾತು ಬೇಡ. ಅವರ ಹಾಳೆಯನ್ನು ವಿಲೇವಾರಿ ಮಾಡುವಾಗ ಕೇಳಿ ಈಸಿಕೊಂಡು ನನಗೆ ಕಳುಹಿಸು. ನನಗೆ ಊರು ಖಚಿತವಿದೆ.

ಸುವರ್ಣಮ್ಮ


ಬೆಂಗಳೂರು
೧೨ ಜನವರಿ ೧೯೩೭

ಅಕ್ಕ! ಅಕ್ಕ!

ಇವತ್ತು ಕಾಲೇಜಿನಿಂದ ಬಂದವನು ಕಾಲು ತೊಳೆಯದೆ ಬರೆಯುತ್ತಿದ್ದೇನೆ.

ನಿನ್ನ ಹುಲ್ಲಿಗೆ ಸುತ್ತಿದ್ದ ಪಂಚೆಯ ತುಂಡನ್ನು ಲಲಿತಮ್ಮ ಒಲೆಯ ಹತ್ತಿರ ಇಟ್ಟುಕೊಂಡಿದ್ದಳು, ಬಿಸಿ ಪಾತ್ರೆ ಇಳಿಸುವುದಕ್ಕೆ. ನಿನ್ನೆ ಬೆಳಿಗ್ಗೆ ಅನ್ನದ ಪಾತ್ರೆ ಇಳಿಸುವಾಗ ಕೂಗಿಕೊಂಡಳು. "ನಿಮ್ಮಕ್ಕ ಕಳಿಸಿದ ಬಟ್ಟೆ ಕಚ್ಚುತ್ತೆ ಕಣ್ರೀ!" ಎಂದಳು. ನಾನು ನಗುತ್ತ ಎದ್ದೆ. ಅವಳ ಹೆಬ್ಬೆರಳಿನಿಂದ ಊಬು ಕಿತ್ತು ಬೆಳಕಿಗೆ ಹಿಡಿದೆ. ಕೊರಳಿತ್ತು ಅಕ್ಕ, ಹುರಿಯ ಹಾಗೆ ತಿರುಚಿಕೊಂಡು! ಬಟ್ಟೆಯ ನೇಯ್ಗೆಯೊಳಗೆ ಹೊಕ್ಕಿದ್ದ ಒಂದೊಂದನ್ನೂ ಬಿಡಿಸಿ ನೋಡಿದೆ. ಎಲ್ಲವೂ ಹಾಗೆಯೇ.

ಒಂದನ್ನು ಲೋಟದ ನೀರಿಗೆ ಹಾಕಿದೆ. ನೋಡುತ್ತಿದ್ದಂತೆ ಮೆಲ್ಲಗೆ ಸುತ್ತು ಬಿಚ್ಚಿಕೊಂಡು ನೆಟ್ಟಗಾಯಿತು. ಒಲೆಯ ಕಟ್ಟೆಯ ಮೇಲಿಟ್ಟೆ, ಮತ್ತೆ ತಿರುಚಿಕೊಂಡಿತು. ಲಲಿತಮ್ಮ ಸಾರು ಮರೆತು ಅದನ್ನೇ ನೋಡುತ್ತ ನಿಂತಳು. ನೀನು ವೀಳ್ಯದೆಲೆಯ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳುಹಿಸಿದೆ, ತಿರುಚೆಲ್ಲ ಬಿಚ್ಚಿಹೋಗಿ ಕೊರಳು ಕಾಳಿನದೇ ಉದ್ದ ತುದಿಯಂತೆ ಕಂಡಿತು. ನಾವು ಒದ್ದೆಯಾಗಿದ್ದಾಗಲೇ ನೋಡಿ, ಹಾಗೆಯೇ ಹಲಗೆಯಲ್ಲಿ ಒತ್ತಿ ನೆಟ್ಟಗೇ ಒಣಗಿಸಿದೆವು. ಬಟ್ಟೆಗೆ ಅಂಟಿದವು ಮಾತ್ರ ತಮ್ಮ ಪಾಡಿಗೆ ಒಣಗಿದವು. ನಿನ್ನ ಜೋಪಾನವೂ ನಮ್ಮ ಅವಸರವೂ ಸೇರಿ ಭಾವನ ಹುಲ್ಲನ್ನು ಹಂಚಿಕಡ್ಡಿ ಮಾಡಿಬಿಟ್ಟಿದ್ದವು.

ಪಂಚೆಯ ತುಂಡನ್ನು ಪ್ರೊಫೆಸರ ಮುಂದೆ ಹಾಸಿದೆ. ಒಪ್ಪಿದರು. ಹುಲ್ಲು ಬೆಟ್ಟದ ಜಾತಿಯೇ, ಪುಷ್ಪಗಿರಿಯದೇ. ಆದರೆ ಇನ್ನೊಂದು ಪ್ರಶ್ನೆ ಹಾಕಿದ್ದಾರೆ. ಅಷ್ಟು ಎತ್ತರದ ಬೆಟ್ಟಗಳ ಹುಲ್ಲು ನಡುವೆ ಎಲ್ಲೂ ಕಾಣಿಸಿಕೊಳ್ಳದೆ ಹಳೇಬೀಡಿನ ಒಂದು ಗುಡ್ಡದಲ್ಲಿ ಹೇಗೆ ಬಂತು? ಸುತ್ತಮುತ್ತ ಬೇರೆ ಎಲ್ಲೆಲ್ಲಿದೆ? ಇದಕ್ಕೆ ಉತ್ತರ ಬಂದರೆ ಹಾಳೆಯನ್ನು ಬೀರುವಿಗೆ ಹಿಂದಿರುಗಿಸಿ ಪುಸ್ತಕಕ್ಕೆ ಸೇರಿಸುತ್ತಾರೆ. ಬರದಿದ್ದರೆ ಮುಂದಿನ ಮುದ್ರಣಕ್ಕೆ ಎನ್ನುತ್ತಾರೆ. ಅದು ಯಾವಾಗಲೋ.

ಹಿಂದಿನ ಕಾಗದದಲ್ಲಿ ಬುದ್ಧಿ ಹೇಳಲು ಬಂದದ್ದಕ್ಕೆ ನನ್ನ ಮೇಲೆ ಬೇಸರವಿದ್ದರೆ ಬಿಟ್ಟುಬಿಡು. ಬೆಟ್ಟ ಹತ್ತುವಾಗ ಕಾಲಿಗೆ ಮೆಟ್ಟು ಹಾಕಿಕೊ.

ರೇವಣಸಿದ್ದ


ಹಳೇಬೀಡು
೨೨ ಜನವರಿ ೧೯೩೭

ಚಿರಂಜೀವಿ ರೇವಣಸಿದ್ದನಿಗೆ,

ಸಂಜೆ ಐದೂವರೆ. ಈಗ ತಾನೇ ಹುಲಿಕೆರೆಯಿಂದ ಗಾಡಿಯಲ್ಲಿ ಬಂದೆವು. ಅತ್ತೆ ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ಇನ್ನೂ ನಗುತ್ತಿದ್ದಾರೆ.

ನಿನ್ನ ಕಾಗದ ಬಂದ ದಿನ ನಾನೂ ಒಂದು ಊಬನ್ನು ನೀರಿಗೆ ಹಾಕಿ ನೋಡಿದೆ. ಅತ್ತೆಗೆ ತೋರಿಸಿದೆ. "ಒಣಗಿದ್ರೆ ತಿರುಚಿಕೊಳ್ತದೆ, ನೀರು ಕುಡಿದ್ರೆ ಸರಿಹೋಯ್ತದೆ. ನಿಮ್ಮ ಮಾವನೂ ಹಂಗೇ ಇದ್ರು" ಎಂದರು. ಬೆಟ್ಟಕ್ಕೆ ಹೋಗುತ್ತೇನೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ನನ್ನ ಸೆರಗಿನ ಊಬುಗಳನ್ನು ನಾನು ಮಲಗಿದ ಮೇಲೆ ಅವರೇ ಆಯುತ್ತಿದ್ದರಂತೆ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಈಗ ಹೋಗುವಾಗೆಲ್ಲ ರೊಟ್ಟಿ ಕಟ್ಟಿಕೊಡುತ್ತಾರೆ.

ನಿನ್ನ ಪ್ರೊಫೆಸರು ಕೇಳಿದ್ದಕ್ಕೆ ಸುತ್ತ ಎಲ್ಲ ನೋಡಿದೆ. ಬೆಟ್ಟದ ಮೂಡಣ ಮೈಯಲ್ಲಿ ಇಲ್ಲ. ತುದಿಯಲ್ಲಿ ಇಲ್ಲ. ಹುಲಿಕೆರೆಯ ಕಡೆ, ಜಾವಗಲ್ ದಾರಿಯ ಗೋಮಾಳದಲ್ಲಿ ಎಲ್ಲ ಕಡೆ ಬರೀ ಹಂಚಿಕಡ್ಡಿ. ಸೂಜಿಹುಲ್ಲು ಇರುವುದು ಆ ಚಪ್ಪಟೆ ಬಂಡೆಯ ಸುತ್ತ ಮಾತ್ರ. ಅದರ ಬಿರುಕುಗಳಲ್ಲಿ ಬಹಳ, ಗಾಳಿ ಬೀಸುವ ಕಡೆಗೆ ಸ್ವಲ್ಪ, ಆಮೇಲೆ ಇಲ್ಲವೇ ಇಲ್ಲ. ಯಾರೋ ಅಲ್ಲಿ ಕುಳಿತು ಬಿತ್ತಿದ ಹಾಗಿದೆ.

ಆ ಬಂಡೆಯ ಮೇಲೆ ಕುರಿಗಾಹಿಗಳು ಕೂರುವುದನ್ನು ನೋಡಿದ್ದೆ. ಅದಕ್ಕೆ ಇವತ್ತು ಹುಲಿಕೆರೆಗೆ ಹೋಗಿ ಚಿಕ್ಕಬೀರಯ್ಯನನ್ನು ಕೇಳಿದೆವು. ಅವನದೇ ಅಲ್ಲಿ ದೊಡ್ಡ ಮಂದೆ. ಅವನ ಹೆಂಡತಿ ಕೆಂಪಲಕ್ಷ್ಮಮ್ಮ ಮಜ್ಜಿಗೆ ಕೊಟ್ಟಳು.

"ಬ್ಯಾಸಗೇಲಿ ಇಲ್ಲಿ ಮೇವಿರಾಕಿಲ್ಲ ಕಣವ್ವ. ಕುರಿ ಹೊಡ್ಕೊಂಡು ಪಡುವಲ ಬೆಟ್ಟಕ್ಕೆ ಹೋಯ್ತೀವಿ. ನಮ್ಮಪ್ಪನ ಕಾಲದಿಂದ್ಲೂ ಹಂಗೇ. ಮಳೆ ಹಿಡಿಯೋ ಮುಂಚೆ ವಾಪಸ್ ಬತ್ತೀವಿ. ಬಂದೋರು ಸೀದಾ ಊರಿಗೆ ಇಳಿಯಾಕಿಲ್ಲ. ಆ ಬಂಡೆ ಮ್ಯಾಲೆ ಕಂಬಳಿ ಹಾಸಿ, ಕೂತು, ಊಬೆಲ್ಲ ಆಯ್ತೀವಿ."

"ಊರಿಗೆ ಬಂದು ಆಯಬಾರದೇ?" ಎಂದೆ.

"ಬೀರಪ್ಪನ ಗದ್ದಿಗೆಗೆ ಹಾಸೋ ಕಂಬಳಿ ಅಲ್ವಾ? ಒಂದು ಊಬಿರಬಾರ್ದು. ಊರ ಗಡಿ ಒಳಗೆ ತರೋ ಮುಂಚೆ ಹಸನಾಗಿರಬೇಕು. ನಾವು ಅದನ್ನ ಕಂಬಳಿ ಬಂಡೆ ಅಂತ್ಲೇ ಅನ್ನೋದು."

"ಆಯ್ದ ಊಬನ್ನು ಏನು ಮಾಡುತ್ತೀರಿ?"

"ದ್ಯಾವ್ರ ಕಂಬಳಿದು, ಬೆಂಕಿಗೆ ಹಾಕಂಗಿಲ್ಲ. ದಾರೀಲಿ ಚೆಲ್ಲಿದ್ರೆ ಕುರಿ ಬಾಯಿಗೆ ಚುಚ್ತದೆ. ಬಂಡೆ ಸಂದೀಲಿ ತುರುಕಿ ಬತ್ತೀವಿ."

ಅತ್ತೆಗೆ ಮೊದಲು ಅರ್ಥವಾಯಿತು. "ಅಂದ್ರೆ ನನ್ ಮಗ ಬಿಸಿಲಲ್ಲಿ ಬೆಟ್ಟ ಹತ್ತಿ ಹತ್ತಿ ನಿಮ್ ಕಂಬಳಿ ಕಸ ಕಿತ್ಕೊಂಡ್ ಬತ್ತಿದ್ನೇನ್ಲಾ!" ಎಂದರು. ಚಿಕ್ಕಬೀರಯ್ಯ ನಾಲಿಗೆ ಕಚ್ಚಿಕೊಂಡ. "ಮೇಷ್ಟ್ರು ಬಂಡೆ ತಾವ ಬರೋರು ಅವ್ವ, ಬೀಡಿ ಕೊಡೋರು, ಹುಲ್ಲಿನ ಸಮಾಚಾರ ಕೇಳೋರು. ಕಂಬಳಿ ಸಮಾಚಾರ ಕೇಳ್ಲೇ ಇಲ್ಲ" ಎಂದ. ಕೆಂಪಲಕ್ಷ್ಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾನೂ ನಕ್ಕೆ. ನಿನ್ನ ಭಾವ ಹೋದ ಮೇಲೆ ಅಷ್ಟು ನಕ್ಕಿರಲಿಲ್ಲ.

ಗಾಡಿಯಲ್ಲಿ ಬರುವಾಗ ಬೇರೆ ಯೋಚನೆ ಬಂತು. ಇದು ನಮ್ಮ ಗುಡ್ಡದ್ದೇ ಹಳೆಯ ಹುಲ್ಲೆಂದು ಅವರು ನಂಬಿದ್ದರು. ಈಗ ಇದು ಕಂಬಳಿಗೆ ಅಂಟಿ ಬಂದದ್ದೆಂದು ಆದರೆ, ನಿನ್ನ ಪ್ರೊಫೆಸರು ಇದು ಹಳೇಬೀಡಿನದಲ್ಲ ಎಂದು ಹಾಳೆಯನ್ನು ಕಟ್ಟಿನಲ್ಲೇ ಬಿಡಬಹುದು. ಕಂಬಳಿಯ ಮಾತನ್ನು ಬರೆಯದೆ, ಹೇಗೆ ಬಂತೋ ತಿಳಿಯದು ಎಂದಷ್ಟೇ ಬರೆಯಲೇ ಎಂದುಕೊಂಡೆ. ಅತ್ತೆಯನ್ನು ಕೇಳಲಿಲ್ಲ. ನಿನ್ನ ಭಾವ ಇದ್ದಿದ್ದರೆ ಇಂಥದ್ದನ್ನು ಕೇಳಿ ಕುಣಿದಾಡುತ್ತಿದ್ದರು, ಮುಚ್ಚಿಡುತ್ತಿರಲಿಲ್ಲ. ಆದ್ದರಿಂದ ಎಲ್ಲವನ್ನೂ ಬರೆದಿದ್ದೇನೆ. ಹಾಳೆ ಉಳಿಯದಿದ್ದರೆ ಹೋಗಲಿ.

ಶಿವರಾತ್ರಿಗೆ ಮುಂಚೆ ಚಿಗುರು ಬರಲೆಂದು ಆ ಹೆಗಲಿಗೆ ಬೆಂಕಿ ಹಾಕುತ್ತಾರೆ. ನಿನಗಾಗಿ ತಡೆಯುತ್ತೇನೆಂದು ಚಿಕ್ಕಬೀರಯ್ಯ ಒಪ್ಪಿದ್ದಾನೆ. "ನಿಮ್ ತಮ್ಮನ್ನ ಬೇಗ ಬರೇಳಿ, ಕುರಿ ಕಾಯಾಕಿಲ್ಲ" ಎಂದಿದ್ದಾನೆ. ಅರಸೀಕೆರೆಯಲ್ಲಿ ರೈಲು ಇಳಿದರೆ ಜಾವಗಲ್ ಮೇಲೆ ಬಸ್ಸಿದೆ.

ಸುವರ್ಣಮ್ಮ


ಬೆಂಗಳೂರು
೨೪ ಫೆಬ್ರವರಿ ೧೯೩೭

ಅಕ್ಕನಿಗೂ ಅಣ್ಣಮ್ಮತ್ತೆಯವರಿಗೂ ನಮಸ್ಕಾರಗಳು.

ಕ್ಷೇಮವಾಗಿ ಬಂದು ಸೇರಿದೆ. ಅತ್ತೆಯವರು ಜಗುಲಿಯ ಮೇಲೆ ನನ್ನನ್ನು ನಿಲ್ಲಿಸಿ "ಬೆಂಗ್ಳೂರು ಕುರಿ ಬಂತು, ಉಣ್ಣೆ ಆಯನ ಬನ್ರೇ" ಎಂದು ನೆರೆಯವರನ್ನೆಲ್ಲ ಕರೆದು ಷರಾಯಿಯ ಊಬು ಕೀಳಿಸಿದ್ದನ್ನು ಲಲಿತಮ್ಮನಿಗೆ ಹೇಳಬಾರದೆಂದಿದ್ದೆ. ಆದರೆ ಕಾಲುಚೀಲದಲ್ಲಿ ಇನ್ನೂ ಉಳಿದಿದ್ದವು, ಹೇಳಲೇಬೇಕಾಯಿತು.

ಬಂಡೆಯ ಸಂದಿನಿಂದ ನಾನು ಕಿತ್ತು ತಂದದ್ದನ್ನೂ, ಚಿಕ್ಕಬೀರಯ್ಯನ ಹಳೆಯ ಕಂಬಳಿಯ ಅಂಚಿನಲ್ಲಿ ಪಡುವಣ ಬೆಟ್ಟದಿಂದ ಬಂದು ಉಳಿದಿದ್ದನ್ನೂ, ಭಾವನ ಹಾಳೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟೆ. ಮೂರೂ ಒಂದೇ. ನಿನ್ನ ಕಾಗದವನ್ನು ಪ್ರೊಫೆಸರಿಗೆ ಓದಿ ಹೇಳಿದೆ. ಅವರು ಮೂರನ್ನೂ ಮತ್ತೊಮ್ಮೆ ಗಾಜು ಹಿಡಿದು ನೋಡಿದರು. ನೀನು ಹೆದರಿದಂತೆಯೇ ಆಗುತ್ತದೆಂದು ನಾನೂ ಹೆದರಿದೆ. ಆಮೇಲೆ, "ಇದು ಗೊತ್ತಿರದಿದ್ದರೆ ನಾನು ಈ ಊರನ್ನು ಎಂದೂ ಒಪ್ಪುತ್ತಿರಲಿಲ್ಲ. ಈಗ ಒಪ್ಪದೆ ಇರುವುದು ಹೇಗೆ?" ಎಂದರು. ಹುಲ್ಲು ಎಲ್ಲಿ ಇದೆ ಎಂದು ಬರೆದವರು ಬಹಳ ಜನ ಇದ್ದಾರಂತೆ, ಹೇಗೆ ಬಂತು ಎಂದು ಬರೆದವರು ಕಡಿಮೆಯಂತೆ. ಭಾವನ ಹಾಳೆಯನ್ನು ತಾವೇ ಕಟ್ಟಿನಿಂದ ತೆಗೆದು ಬೀರುವಿಗೆ ಇಟ್ಟರು.

ಅಚ್ಚಿನ ಕರಡು ಪುಟ ಇದರೊಂದಿಗೆ ಇದೆ. ಇಂಗ್ಲಿಷಿನಲ್ಲಿರುವುದರಿಂದ ಕನ್ನಡದಲ್ಲಿ ಬರೆದಿದ್ದೇನೆ:

"ಪುಷ್ಪಗಿರಿ, ಹಳೇಬೀಡು. ಪಡುವಣ ಹೆಗಲಿನ ಒಂದೇ ಬಂಡೆಯ ಸುತ್ತ. ಮೊದಲು ಕಂಡವರು ಎಚ್. ನಂಜುಂಡಯ್ಯ. ಎರಡನೆಯ ಬಾರಿ ಸಂಗ್ರಹಿಸಿದವರು ಅವರ ಪತ್ನಿ ಸುವರ್ಣಮ್ಮ. ಪಡುವಣ ಬೆಟ್ಟಗಳಿಂದ ಕುರಿಗಾಹಿಗಳ ಕಂಬಳಿಯಲ್ಲಿ ಬಂದು ನೆಲೆ ನಿಂತಿದೆ."

ನಿನ್ನ ಹೆಸರನ್ನು ನಿನ್ನನ್ನು ಕೇಳದೆ ಹಾಕಿದ್ದಾರೆ. ಬೇಡವೆಂದರೆ ತೆಗೆಸುತ್ತೇನೆ. ಕಂಬಳಿಯ ಸಾಲು ನಿನಗೆ ನೋವಾಗುವ ಹಾಗಿದ್ದರೆ ಅದನ್ನೂ ಬೇರೆ ರೀತಿ ಬರೆಯಲು ಕೇಳಿಕೊಳ್ಳಬಹುದು.

ಅವ್ವ ಮತ್ತೆ ಕೇಳುತ್ತಿದ್ದಾಳೆ, ನೀನು ಜಾವಗಲ್ಲಿಗೆ ಬಂದು ನಿಲ್ಲುವುದು ಯಾವಾಗ ಎಂದು. ನಿನ್ನ ಮನೆಯಲ್ಲಿ ನಿನ್ನನ್ನು ನೋಡಿ ಬಂದ ಮೇಲೆ ನನಗೆ ಕೇಳಬೇಕೆನ್ನಿಸುತ್ತಿಲ್ಲ.

ರೇವಣಸಿದ್ದ


ಹಳೇಬೀಡು
೧೪ ಮಾರ್ಚ್ ೧೯೩೭

ಚಿರಂಜೀವಿ ರೇವಣಸಿದ್ದನಿಗೆ,

ಸಂಜೆ ಆರು ಗಂಟೆ. ಬಿಸಿಲು ಏರಿದೆ. ಶಿವರಾತ್ರಿ ಚೆನ್ನಾಗಿ ಆಯಿತು. ಬೆಳಿಗ್ಗೆ ಅವರ ಸಮಾಧಿಯ ಹತ್ತಿರ ಹೋಗಿ ಕಸ ತೆಗೆದು, ನೀರು ಚಿಮುಕಿಸಿ, ವಿಭೂತಿ ಇಟ್ಟು ಬಂದೆ. ಮಧ್ಯಾಹ್ನ ಹುಣಸೆಹಣ್ಣು ಬಿಡಿಸಿದೆವು.

ನಿನ್ನ ಪುಟ ಬಂದಾಗ ಅತ್ತೆ, "ನನ್ ಮಗನ ಹೆಸರು ಎಲ್ಲೈತೆ, ತೋರ್ಸು" ಎಂದರು. ಬೆರಳು ಹಿಡಿದು ಅದರ ಮೇಲೆ ಇಟ್ಟೆ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. "ಇದರ ಕೆಳಗೆ ಏನೈತೆ?" ಎಂದರು. ನನ್ನದು ಎಂದೆ. "ಇರ್ಲಿ, ಅವ್ನೊಬ್ನೇ ಯಾಕಿರ್ಬೇಕು?" ಎಂದರು. ತೆಗೆಸಬೇಡ.

ಕಂಬಳಿಯ ಸಾಲನ್ನೂ ಓದಿದೆ. ಹೊರಗಿಂದ ಬಂದ ಹುಲ್ಲು ಎಂದು ಬರೆದಿರುವುದು ಸರಿಯಾಗಿದೆಯೇ ಎಂದು ಅತ್ತೆಯನ್ನೇ ಕೇಳಿದೆ. ಹುಣಸೆ ಬೀಜ ಒಂದು ಕಡೆ ಒಟ್ಟುತ್ತ, "ನೀನೂ ಜಾವಗಲ್ಲಿಂದ ಬಂದೋಳೇ ಕಣೇ" ಎಂದರು. ಆ ಸಾಲು ಹಾಗೆಯೇ ಇರಲಿ, ಒಂದಕ್ಷರವನ್ನೂ ಬದಲಿಸಬೇಡವೆಂದು ನಿನ್ನ ಪ್ರೊಫೆಸರಿಗೆ ಹೇಳು.

ಅವ್ವನಿಗೆ ನಾನೇ ಬೇರೆ ಬರೆದಿದ್ದೇನೆ. ಯುಗಾದಿಗೆ ಅತ್ತೆಯನ್ನೂ ಕರೆದುಕೊಂಡು ಜಾವಗಲ್ಲಿಗೆ ಬಂದು ಎಂಟು ದಿನ ಇದ್ದು ಹಿಂದಿರುಗುತ್ತೇವೆ.

ಬೆಟ್ಟದ ಹೆಗಲಿಗೆ ಮೊನ್ನೆ ಬೆಂಕಿ ಹಾಕಿದರು. ಕೆರೆ ಏರಿಯ ಮೇಲೆ ನಿಂತು ನೋಡಿದೆ. ಹುಲ್ಲಿಗೆ ಅದರಿಂದ ಕೇಡಿಲ್ಲ, ಬುಡ ಮಣ್ಣಿನೊಳಗಿರುತ್ತದೆಂದು ನಿನ್ನ ಭಾವ ಹೇಳುತ್ತಿದ್ದರು. ಬೇಸಗೆಯಲ್ಲಿ ಕುರಿಗಳು ಮೇಯುವ ಆ ಪಡುವಣ ಬೆಟ್ಟವನ್ನು ನಾನು ನೋಡಿಲ್ಲ. ಅಲ್ಲಿ ಸೂಜಿಹುಲ್ಲು ಎದೆಯ ಎತ್ತರಕ್ಕೆ ನಿಂತಿರುತ್ತದೆಂದು ಕೆಂಪಲಕ್ಷ್ಮಮ್ಮ ಹೇಳುತ್ತಾಳೆ.

ಚಿಕ್ಕಬೀರಯ್ಯನ ಮಂದೆ ನಾಳೆ ಬೆಳಿಗ್ಗೆ ಅಲ್ಲಿಗೆ ಹೊರಡುತ್ತದೆ.

ನಿನ್ನ ಅಕ್ಕ
ಸುವರ್ಣಮ್ಮ